ಹಾಲು ಬಿಡಿಸಿದ ವಾರಕ್ಕೇ ಹಂದಿಮರಿಗೆ ಭೇದಿ: ಔಷಧಿ ಅಂಗಡಿಗೆ ಓಡುವ ಮುಂಚೆ ತೊಟ್ಟಿ ನೋಡಿ

ಗೋಣಿಕೊಪ್ಪ: ಹಂದಿ ಸಾಕೋರ ಹತ್ರ ಮಾತಿಗೆ ಕೂತ್ರೆ ಸುತ್ತಿ ಬಳಸಿ ಬರೋದು ಒಂದೇ ದೂರು. ತಾಯಿ ಹತ್ರ ಇರೋ ತನಕ ಗುಂಡಗೆ ಓಡಾಡ್ತಿದ್ದ ಮರಿಗಳು, ಹಾಲು ಬಿಡಿಸಿ ಬೇರೆ ಗೂಡಿಗೆ ಹಾಕಿದ ನಾಲ್ಕೈದು ದಿನಕ್ಕೆ ನೀರಿನಂತೆ ಭೇದಿ ಮಾಡ್ತವೆ. ಹಿಂಭಾಗ ಸದಾ ಒದ್ದೆ, ಬೆನ್ನುಮೂಳೆ ಎದ್ದು ಕಾಣ್ತದೆ, ಒಂದೆರಡು ಸತ್ತೇ ಹೋಗ್ತವೆ. ಬದುಕಿ ಉಳಿದವೂ ಕುಂಠಿತ ಆಗ್ತವೆ, ಮಾರಾಟದ ತೂಕಕ್ಕೆ ಬರೋಕೆ ಹೆಚ್ಚು ದಿನ, ಹೆಚ್ಚು ಫೀಡ್ ಬೇಕು. ಸತ್ತ ಮರಿಗಿಂತ ಈ ನಷ್ಟವೇ ದೊಡ್ಡದು, ಲೆಕ್ಕಕ್ಕೆ ಸಿಗಲ್ಲ ಅಷ್ಟೆ.

ಯಾಕೆ ಹೀಗೆ? ಮರಿಯ ಹೊಟ್ಟೆಯಲ್ಲಿ ದೊಡ್ಡ ಹಂದಿಯಷ್ಟು ಆಮ್ಲ ತಯಾರಾಗಲ್ಲ. ತಾಯಿ ಹಾಲು ಇರೋ ತನಕ ಆ ಹಾಲಿನ ಸಕ್ಕರೆಯೇ ಹೊಟ್ಟೆಯಲ್ಲಿ ಹುಳಿಯಾಗಿ ಕೆಟ್ಟ ರೋಗಾಣುಗಳನ್ನು ತಡೀತದೆ. ಹಾಲು ನಿಂತ ದಿನ ಮರಿ ಮಂಕಾಗಿ ಏನೂ ತಿನ್ನಲ್ಲ. ಕರುಳಿನ ಒಳಗೋಡೆಯಲ್ಲಿ ಟರ್ಕಿ ಟವಲ್ಲಿನ ನೂಲಿನ ಹಾಗೆ ಸಣ್ಣ ಸಣ್ಣ ಎಳೆಗಳಿರ್ತವೆ, ಆಹಾರ ಹೀರೋದು ಅವೇ. ಹೊಟ್ಟೆ ಖಾಲಿ ಬಿದ್ದ ಕೆಲವೇ ದಿನದಲ್ಲಿ ಅವು ಕುಗ್ಗಿ ಹೋಗ್ತವೆ. ಆಮೇಲೆ ಹಸಿವು ತಡೆಯದೆ ಮರಿ ಒಂದೇ ಸಲ ಗಬಗಬ ತಿಂತದೆ. ಜೀರ್ಣ ಆಗದ ಆಹಾರ ಕೆಳಗೆ ಇಳೀತದೆ, ಇ-ಕೊಲೈ ಎಂಬ ಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬದೂಟ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಮರಿ ಹುಟ್ಟಿದ ದಿನ. ಮೊದಲ 24 ಗಂಟೆಯೊಳಗೆ ಪ್ರತಿ ಮರಿಗೂ ಗಿಣ್ಣದ ಹಾಲು ಸಿಗಲೇಬೇಕು, ಅದರಲ್ಲಿರೋ ರೋಗ ನಿರೋಧಕ ಅಂಶ ಹೀರಿಕೊಳ್ಳೋ ಶಕ್ತಿ ಕರುಳಿಗೆ ಅಷ್ಟೇ ಹೊತ್ತು ಇರೋದು. ಬಡಕಲು ಮರಿಯನ್ನು ಕೈಯಲ್ಲಿ ಹಿಡಿದು ಮೊಲೆಗೆ ಹಚ್ಚಿ. ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ತಾಯಿ ಹಾಲಲ್ಲಿ ಸಿಗೋದು 1 ಮಿಲಿಗ್ರಾಂ ಅಷ್ಟೆ. ಸಿಮೆಂಟ್ ನೆಲದ ಗೂಡಲ್ಲಿ ಮಣ್ಣು ನೆಕ್ಕೋಕೂ ಆಗಲ್ಲ. ಮೂರನೇ ದಿನದ ಆಸುಪಾಸಲ್ಲಿ ಪಶುವೈದ್ಯರಿಂದ ಕಬ್ಬಿಣಾಂಶದ ಇಂಜೆಕ್ಷನ್ ಹಾಕಿಸಿ. ಎರಡನೇ ವಾರದಿಂದ ಮರಿಗೆ ಮಾತ್ರ ಎಟುಕೋ ಮೂಲೆಯಲ್ಲಿ ಒಂದು ಹಿಡಿ ಮರಿ ಫೀಡ್ ಇಡಿ. ತಿನ್ನೋದು ಕಡಿಮೆಯೇ, ಆದ್ರೆ ಹೊಟ್ಟೆಗೆ ಅಭ್ಯಾಸ ಆಗ್ತದೆ.

28 ದಿನಕ್ಕೆ ಹಾಲು ಬಿಡಿಸೋದು ದೊಡ್ಡ ಫಾರಂಗಳ ಲೆಕ್ಕ. ಅವರ ಹತ್ರ ಹಾಲಿನ ಪುಡಿ ಸೇರಿಸಿದ ಫೀಡ್, ಬಿಸಿ ಇರೋ ಶೆಡ್ ಎಲ್ಲ ಇರ್ತದೆ. ಎರಡು ಮೂರು ತಾಯಿ ಹಂದಿ ಇಟ್ಟವರು ಆರರಿಂದ ಎಂಟು ವಾರದ ತನಕ ಕಾಯೋದೇ ಒಳ್ಳೇದು. ಬಿಡಿಸುವಾಗ ಮರಿಯನ್ನು ಎತ್ತೋ ಬದಲು ತಾಯಿಯನ್ನು ಆಚೆ ಸಾಗಿಸಿ, ಮರಿ ಪರಿಚಿತ ಗೂಡಲ್ಲೇ ಇರಲಿ. ಒಂದು ವಾರ ಫೀಡ್ ಬದಲಿಸಬೇಡಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಹಾಕಿ. ಶುದ್ಧ ನೀರು ಯಾವಾಗಲೂ ಇರಬೇಕು. ಇನ್ನು ಚಳಿ. ನಮ್ಮ ಮಳೆಗಾಲದ ಶೀತಕ್ಕೆ ಒದ್ದೆ ನೆಲದಲ್ಲಿ ಮಲಗಿದ ಮರಿ ತಿಂದಿದ್ದನ್ನೆಲ್ಲ ಮೈ ಬಿಸಿ ಇಟ್ಟುಕೊಳ್ಳೋಕೇ ಖರ್ಚು ಮಾಡ್ತದೆ. ಒಣ ಹುಲ್ಲು, ಒಂದು ಬಲ್ಬು, ಗಾಳಿ ನುಗ್ಗೋ ಕಡೆ ಗೋಣಿಚೀಲ, ಇಷ್ಟು ಸಾಕು. ಮರಿಗಳು ಒಂದರ ಮೇಲೊಂದು ರಾಶಿ ಬಿದ್ದು ಮಲಗಿದ್ರೆ ಚಳಿ ಅಂತಲೇ ಅರ್ಥ.

ಮಳೆಗಾಲದ ಇನ್ನೊಂದು ಶತ್ರು ಬೂಷ್ಟು. ಜೋಳ ಅಥವಾ ಹಿಂಡಿ ತಂಪು ಹೊಡೆದ್ರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಇದಕ್ಕೆ ಹಂದಿ ಬೇಗ ಬಲಿಯಾಗ್ತದೆ. ಬೇಯಿಸಿದ್ರೆ ಹೋಗ್ತದೆ ಅನ್ನೋದು ತಪ್ಪು, ಬೂಷ್ಟು ಸಾಯ್ತದೆ, ವಿಷ ಉಳೀತದೆ. ಚೀಲಗಳನ್ನು ಗೋಡೆಗೆ ಒರಗಿಸದೆ ಮರದ ಹಲಗೆ ಮೇಲೆ ಇಡಿ. ಫೀಡ್ ಮಾರೋ ಅಂಗಡಿಯವರಿಗೂ ಇದೇ ಮಾತು. ಹಸಿ ಸೋಯಾಬೀನ್ ಕೂಡ ಹಾಕಬೇಡಿ, ಅದರಲ್ಲಿ ಪ್ರೋಟೀನ್ ಜೀರ್ಣ ಆಗೋಕೆ ಬಿಡದ ಅಂಶ ಇದೆ. ಹುರಿದ್ರೆ ಅಡ್ಡಿಯಿಲ್ಲ.

ಈಗ ಹೋಟೆಲ್ ಮುಸುರೆ ವಿಷಯ. ಖರ್ಚು ಉಳೀತದೆ ಅಂತ ಸುಮಾರು ಜನ ಇದನ್ನೇ ನಂಬಿದ್ದಾರೆ, ಬೇಡ ಅಂತ ಹೇಳಿದ್ರೆ ಯಾರೂ ಕೇಳಲ್ಲ. ಆದ್ರೆ ತಂದ ಹಾಗೇ ಸುರಿಯೋದು ಬೆಂಕಿ ಜೊತೆ ಆಟ. 2022ರ ಜುಲೈನಲ್ಲಿ ಪಕ್ಕದ ವಯನಾಡಿನ ಮಾನಂದವಾಡಿ ಕಡೆ ಆಫ್ರಿಕನ್ ಹಂದಿ ಜ್ವರ ಬಂದು ಹಂದಿಗಳನ್ನು ಕೊಲ್ಲಬೇಕಾಯ್ತು. ಕುಟ್ಟ ದಾಟಿದ್ರೆ ಅದೇ ಊರು. ಈ ರೋಗ ಮನುಷ್ಯರಿಗೆ ಬರಲ್ಲ, ಆದ್ರೆ ಹಂದಿಗೆ ಇದಕ್ಕೆ ಔಷಧಿ ಇಲ್ಲ, ಮುಸುರೆಯಲ್ಲಿರೋ ಹಂದಿಮಾಂಸದ ಚೂರಿನಿಂದಲೂ ಹರಡ್ತದೆ. ಕುದಿ ಬಂದ ಮೇಲೆ ಕಲಕ್ತಾ ಒಂದು ಗಂಟೆ ಕುದಿಸಿ, ಆರಿಸಿ, ಅದೇ ದಿನ ಹಾಕಿ ಮುಗಿಸಿ. ಹಸಿ ಮುಸುರೆ ತಂದ ಡ್ರಮ್ಮನ್ನೇ ತೊಳೆಯದೆ ಬೆಂದದ್ದಕ್ಕೂ ಬಳಸಿದ್ರೆ ಕುದಿಸಿದ್ದು ವ್ಯರ್ಥ. ಹೋಟೆಲಿನವರಲ್ಲಿ ಒಂದು ಕೋರಿಕೆ: ಹಂದಿಮಾಂಸದ ಉಳಿಕೆ, ಉಪ್ಪಿನಕಾಯಿ, ಟೂತ್‌ಪಿಕ್, ಪ್ಲಾಸ್ಟಿಕ್ ಬೇರೆ ಬಕೆಟ್ಟಿಗೆ ಹಾಕಿ. ಉಪ್ಪು ಜಾಸ್ತಿಯಾಗಿ ನೀರು ಸಿಗದಿದ್ರೆ ಹಂದಿಗೆ ಫಿಟ್ಸ್ ಬಂದು ಸಾಯ್ತದೆ. ಮುಸುರೆ ಮರಿಗಳಿಗಂತೂ ಬೇಡವೇ ಬೇಡ.

ಭೇದಿ ಶುರುವಾದ್ರೆ ಮೊದಲು ಕೊಡಬೇಕಾದ್ದು ಒಆರ್‌ಎಸ್ ನೀರು, ಯಾಕಂದ್ರೆ ಮರಿಯನ್ನು ಕೊಲ್ಲೋದು ಬಹುಮಟ್ಟಿಗೆ ನೀರಿನಂಶ ಇಳಿಯೋದು. ಯಾರೋ ಹೇಳಿದ ಆಂಟಿಬಯಾಟಿಕ್ ಪುಡಿಯನ್ನು ಇಡೀ ಗೂಡಿಗೆ ಕಲಸಿ ಹಾಕಿದ್ರೆ ಒಳ್ಳೆ ಬ್ಯಾಕ್ಟೀರಿಯಾವೂ ಸಾಯ್ತದೆ. ಹಿಂದೆ ಇದಕ್ಕೆ ಬಳಸ್ತಿದ್ದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಮಾರಬಾರದು ಅಂತ ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ಕೊಡೋ ಕೊನೆಯ ಮದ್ದು ಅದು. ಹಳೇ ಸ್ಟಾಕ್ ಇದ್ರೆ ಅಂಗಡಿಯವರು ಮಾರಬೇಡಿ.

ಮಾಂಸದಂಗಡಿಯವರೂ ಒಂದು ಉಪಕಾರ ಮಾಡಬಹುದು. ಹಂದಿ ಕೊಯ್ದಾಗ ಲಿವರ್ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆ ಕಂಡ್ರೆ ಅದು ಬಹುಮಟ್ಟಿಗೆ ದುಂಡು ಜಂತುಹುಳುವಿನ ಗುರುತು. ಹಂದಿ ಕೊಟ್ಟವರಿಗೆ ಒಂದು ಫೋನ್ ಮಾಡಿ ಹೇಳಿ. ಆ ಹುಳುವಿನ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಬದುಕ್ತದೆ, ಹಾಗಾಗಿ ಜಂತುಮಾತ್ರೆ ಜೊತೆಗೆ ಗೂಡು ತೊಳೆದು ಒಣಗಿಸೋದೂ ಆಗಬೇಕು.

ಮರಿ ಭೇದಿಯಲ್ಲದೆ ದೊಡ್ಡ ಹಂದಿಗಳೂ ಜ್ವರದಿಂದ ಮೇವು ಬಿಟ್ಟು, ಕಿವಿ, ಹೊಟ್ಟೆ ಕೆಂಪು-ನೇರಳೆಯಾಗಿ ಒಂದರ ಹಿಂದೆ ಒಂದು ಸಾಯ್ತಿದ್ರೆ ಅದು ಹೊಟ್ಟೆಯ ಸಮಸ್ಯೆ ಅಲ್ಲ. ಮಾರಬೇಡಿ, ಕೊಯ್ಯಬೇಡಿ, ಹೊಳೆಗೆ ಎಸೆಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ, ಇಲ್ಲಾಂದ್ರೆ ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962ಕ್ಕೆ ತಕ್ಷಣ ತಿಳಿಸಿ.