ಹಸಿರು ಬಣ್ಣ ನುಡಿದ ಸಾಕ್ಷಿ

ನಾರ್ವೆಯ ಓಸ್ಲೋ ನಗರದಲ್ಲಿ ಒಬ್ಬ ತಾಯಿ ತನ್ನ ಎರಡು ಮಕ್ಕಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ವೈದ್ಯರಿಂದ ವೈದ್ಯರಿಗೆ ಅಲೆದಳು. ಹುಟ್ಟಿದಾಗ ಎರಡೂ ಲಕ್ಷಣವಾದ ಶಿಶುಗಳೇ. ಆದರೆ ಆರು ದಾಟಿದ ಮಗಳಿಗೆ ನಾಲ್ಕಾರು ಮಾತುಗಳ ಹೊರತು ಬೇರೇನೂ ಬಾರದು. ನಾಲ್ಕು ವರ್ಷದ ಮಗ ನಡೆಯಲಾರ, ನುಡಿಯಲಾರ. ಇಬ್ಬರ ಮೈಯಿಂದಲೂ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತಿತ್ತು. ಎಷ್ಟು ತೊಳೆದರೂ ಅದು ಹೋಗದು. ತಾಯಿ ಅದನ್ನು ಕಂಡಕಂಡವರಲ್ಲೆಲ್ಲ ಹೇಳಿಕೊಂಡಳು. ಹೆತ್ತವಳ ಭ್ರಮೆಯೆಂದು ಬಗೆದರೋ ಏನೋ, ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ.

1934ರಲ್ಲಿ ಆಕೆ ಆಸ್‌ಬ್ಯೋರ್ನ್ ಫೋಲಿಂಗ್ ಎಂಬುವರ ಬಳಿಗೆ ಬಂದಳು. ಫೋಲಿಂಗರು ವೈದ್ಯರಷ್ಟೇ ಅಲ್ಲ, ರಸಾಯನಶಾಸ್ತ್ರವನ್ನೂ ಬಲ್ಲವರು. ಮಕ್ಕಳ ಮೈಯನ್ನು ಪರೀಕ್ಷಿಸಿದಾಗ ಅವರಿಗೆ ವಿಶೇಷವೇನೂ ಕಾಣಲಿಲ್ಲ. ಮೂತ್ರಕ್ಕೆ ಫೆರಿಕ್ ಕ್ಲೋರೈಡಿನ ಕೆಲವು ಹನಿಗಳನ್ನು ಬೆರೆಸಿದರು. ಮಧುಮೇಹಿಗಳ ಮೂತ್ರವಾದರೆ ಕೆಲವೊಮ್ಮೆ ಕೆಂಪಾಗುವುದುಂಟು. ಇಲ್ಲಿ ಮೂಡಿದುದು ಗಾಢವಾದ ಹಸಿರು! ನಿಮಿಷಗಳಲ್ಲಿ ಅದು ಮಾಸಿಯೂ ಹೋಯಿತು. ಯಾವುದಾದರೂ ಔಷಧಿಯ ಪ್ರಭಾವವಿರಬಹುದೆಂದು ಎಲ್ಲ ಔಷಧಿಗಳನ್ನೂ ನಿಲ್ಲಿಸಿ ಮತ್ತೆ ನೋಡಿದರು. ಮತ್ತೆ ಅದೇ ಹಸಿರು. ತಾಯಿ ಹೊತ್ತು ತಂದ 20 ಲೀಟರಿಗೂ ಮಿಕ್ಕ ಮೂತ್ರವನ್ನು ಶೋಧಿಸಿ, ಆ ಬಣ್ಣಕ್ಕೆ ಕಾರಣವಾದುದು ಫಿನೈಲ್ ಪೈರುವಿಕ್ ಆಮ್ಲವೆಂದು ಅವರು ಸ್ಥಾಪಿಸಿದರು. ಬಳಿಕ ಬುದ್ಧಿಮಾಂದ್ಯರ ಆಶ್ರಯಧಾಮಗಳಲ್ಲಿ 430 ಮಂದಿಯನ್ನು ಪರೀಕ್ಷಿಸಲಾಗಿ ಇನ್ನೂ ಎಂಟು ಮಂದಿಯಲ್ಲಿ ಅದೇ ಹಸಿರು ಕಾಣಿಸಿತು. ಇಂದು ಫಿನೈಲ್‌ಕೀಟೋನೂರಿಯಾ ಎಂದು ಕರೆಯುವ ರೋಗವಿದು.

ನಾವುಣ್ಣುವ ಹಾಲು, ಬೇಳೆ, ಧಾನ್ಯಗಳ ಸಸಾರಜನಕದಲ್ಲೆಲ್ಲ ಫಿನೈಲ್ ಅಲನೀನ್ ಎಂಬ ವಸ್ತುವಿದೆ. ಅದಿಲ್ಲದೆ ದೇಹ ಬೆಳೆಯದು. ದೇಹದ ಬಳಕೆಗೆ ಮಿಕ್ಕುದನ್ನು ಪಿತ್ತಜನಕಾಂಗದಲ್ಲಿರುವ ಒಂದು ಕಿಣ್ವ ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಈ ಮಕ್ಕಳಲ್ಲಿ ಆ ಕಿಣ್ವವೇ ಕೆಲಸ ಮಾಡದು. ಮಿಕ್ಕುದು ರಕ್ತದಲ್ಲಿ ಶೇಖರವಾಗುತ್ತಾ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ತಾಯಿಯ ಎದೆಹಾಲೇ ಮಗುವಿಗೆ ಮುಳುವಾಗುವ ವಿಪರ್ಯಾಸವಿದು.

ಇಂಥ ಮಗು ಹುಟ್ಟಿದಾಗ ಸೊಸೆಯ ಕಾಲ್ಗುಣವನ್ನೋ ಬಸಿರಿನಲ್ಲಿ ಕಂಡ ಗ್ರಹಣವನ್ನೋ ದೂರುವವರು ನಮ್ಮಲ್ಲಿ ಇದ್ದಾರೆ. ದೋಷ ಬರುವುದು ತಂದೆತಾಯಿಗಳಿಬ್ಬರಿಂದಲೂ, ಸರಿಸಮನಾಗಿ. ಇಬ್ಬರೂ ಆರೋಗ್ಯವಂತರೇ, ಆದರೆ ಒಬ್ಬೊಬ್ಬರಲ್ಲೂ ಆ ಕಿಣ್ವದ ಒಂದು ಕೆಟ್ಟ ಜೀನು ಅಡಗಿರುತ್ತದೆ. ಎರಡೂ ಒಂದೇ ಮಗುವಿನಲ್ಲಿ ಕೂಡಿದರೆ ರೋಗ. ಪ್ರತಿ ಬಸಿರಿನಲ್ಲಿಯೂ ಅದರ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆತನಗಳಲ್ಲಿ ಒಂದೇ ಜೀನು ಎರಡೂ ಕಡೆ ಇರುವ ಸಂಭವ ಹೆಚ್ಚು.

ರೋಗದ ಮೂಲ ತಿಳಿಯಿತು, ಮದ್ದು ತಿಳಿಯಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಬ್ಬ ತಾಯಿ ದಿನವೂ ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, ತನ್ನ ಎರಡು ವರ್ಷದ ಮಗಳಿಗೆ ಏನಾದರೂ ಮಾಡಿರೆಂದು ಡಾಕ್ಟರ್ ಹೋರ್ಸ್ಟ್ ಬಿಕೆಲ್ಲರನ್ನು ಕಾಡಿದಳು. ಆ ಮಗು ನಿಲ್ಲಲಾರದು. ಅಳುತ್ತಾ ತಲೆಯನ್ನು ಚಚ್ಚಿಕೊಳ್ಳುವುದೇ ಅದರ ದಿನಚರಿ. ಬಿಕೆಲ್ಲರೂ ಅವರ ಸಂಗಡಿಗರೂ ಹಾಲಿನ ಸಸಾರಜನಕವನ್ನು ಆಮ್ಲದಲ್ಲಿ ಒಡೆದು, ಇದ್ದಿಲಿನ ಮೂಲಕ ಸೋಸಿ, ಫಿನೈಲ್ ಅಲನೀನನ್ನು ತೆಗೆದುಹಾಕಿದ ಆಹಾರವೊಂದನ್ನು ಸಿದ್ಧಪಡಿಸಿದರು. ಅದನ್ನುಂಡ ಮಗು ಕೆಲವು ತಿಂಗಳಲ್ಲಿ ಅಂಬೆಗಾಲಿಕ್ಕಿತು, ಎದ್ದು ನಿಂತಿತು. ತಲೆ ಚಚ್ಚಿಕೊಳ್ಳುವುದು ನಿಂತಿತು. ಇದು ಆಹಾರದ ಗುಣವೇ ಹೌದೇ ಎಂದು ತಿಳಿಯಲು ಅವರು ತಾಯಿಗೂ ಹೇಳದೆ ಅದೇ ವಸ್ತುವನ್ನು ಮತ್ತೆ ಬೆರೆಸಿ ಕೊಟ್ಟರು. ಕೆಲವೇ ದಿನಗಳಲ್ಲಿ ಮಗು ಮೊದಲಿನ ಸ್ಥಿತಿಗೆ ಕುಸಿಯಿತು. ವಿಜ್ಞಾನಕ್ಕೆ ಪುರಾವೆ ದೊರೆಯಿತು, ನಿಜ. ಆದರೆ ಆ ತಾಯಿ ಕಳೆದ ದಿನಗಳನ್ನು ನೆನೆದರೆ ಈ ಗುಟ್ಟಿನ ಪರೀಕ್ಷೆ ಯಾರ ಮನಸ್ಸಿಗೂ ಹಿತವೆನಿಸದು. 1953ರಲ್ಲಿ ಈ ಚಿಕಿತ್ಸೆಯ ವರದಿ ಪ್ರಕಟವಾಯಿತು.

ಆದರೂ ಕೆಟ್ಟ ಮಿದುಳು ಪೂರ್ತಿ ಸರಿಹೋಗದು. ಪಥ್ಯ ಆರಂಭವಾಗಬೇಕಾದುದು ಹುಟ್ಟಿದ ಮೊದಲ ವಾರಗಳಲ್ಲಿ, ಮಗುವಿನಲ್ಲಿ ಯಾವ ಕುಂದೂ ಕಾಣದಿರುವಾಗಲೇ. ಕಾಣದ ರೋಗವನ್ನು ಹುಡುಕುವುದೆಂತು? ಅಮೆರಿಕದ ರಾಬರ್ಟ್ ಗತ್ರಿಯವರ ಮಗ ಬುದ್ಧಿಮಾಂದ್ಯನಾಗಿದ್ದ. ಅವರ ಬಂಧುವಿನ ಮಗುವಿಗೆ ಇದೇ ರೋಗ ತಗಲಿತ್ತು. 1960ರ ದಶಕದ ಆರಂಭದಲ್ಲಿ ಅವರು ಉಪಾಯವೊಂದನ್ನು ಕಂಡುಹಿಡಿದರು. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ಒಂದೆರಡು ಹನಿ ರಕ್ತವನ್ನು ಸೋಸುಕಾಗದಕ್ಕೆ ಹೀರಿಸುವುದು. ಆ ಕಾಗದದ ಪುಟ್ಟ ಬಿಲ್ಲೆಯನ್ನು, ಬೆಳೆಯದಂತೆ ತಡೆಯೊಡ್ಡಿದ ಸೂಕ್ಷ್ಮಜೀವಿಗಳ ತಟ್ಟೆಯ ಮೇಲಿಡುವುದು. ರಕ್ತದಲ್ಲಿ ಫಿನೈಲ್ ಅಲನೀನ್ ಮಿತಿಮೀರಿದ್ದರೆ ತಡೆ ಮುರಿದು, ಬಿಲ್ಲೆಯ ಸುತ್ತ ಚಂದ್ರನ ಸುತ್ತಣ ಕೊಡೆಯಂತೆ ಒಂದು ಉಂಗುರ ಮೂಡುತ್ತದೆ. ಇಂದು ಸೂಕ್ಷ್ಮಜೀವಿಗಳಿಗೆ ಬದಲು ಯಂತ್ರಗಳು ಬಂದಿವೆ. ಆ ಒಣಗಿದ ಒಂದೇ ಹನಿಯಲ್ಲಿ ಇಂಥ ಹತ್ತಾರು ರೋಗಗಳನ್ನು ಅರಸಬಹುದು.

ಓಸ್ಲೋದ ಆ ಎರಡು ಮಕ್ಕಳಿಗೆ ಇದಾವುದೂ ದಕ್ಕಲಿಲ್ಲ. ಅವರ ತಾಯಿ ಹೇಳುತ್ತಿದ್ದ ವಾಸನೆ ಮಾತ್ರ ವೈದ್ಯಗ್ರಂಥಗಳಲ್ಲಿ ಈಗ ಈ ರೋಗದ ಲಕ್ಷಣಗಳಲ್ಲೊಂದಾಗಿ ಅಚ್ಚಾಗಿದೆ.