ಗಾಂಧಿನಗರಕ್ಕೆ ಆಮೇಲೆ ಬಾ ತಮ್ಮಾ!

"ಸಾರ್, ಎಸ್ಸೆಸ್ಸೆಲ್ಸಿ ಮುಗೀತು. ಸಿನಿಮಾ ಸೇರ್ಬೇಕು. ಯಾರನ್ನ ನೋಡ್ಲಿ?" ಗಾಂಧಿನಗರದ ಮೆಟ್ಟಿಲುಗಳ ಮೇಲೆ ನನಗೆ ಸಿಗುವ ಹುಡುಗರೆಲ್ಲ ಕೇಳೋದು ಇದನ್ನೇ. ಯಾರನ್ನೂ ನೋಡ್ಬೇಡ ಮಾರಾಯ, ಮೊದಲು ವಿ.ಕೆ. ಮೂರ್ತಿಯವರ ಕಥೆ ಕೇಳು!

1923ರಲ್ಲಿ ಮೈಸೂರಲ್ಲಿ ಹುಟ್ಟಿದ, ಪಿಟೀಲು ನುಡಿಸುತ್ತಿದ್ದ ಹುಡುಗ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದ್ದು 1946ರಲ್ಲಿ. ಆಮೇಲೆ ಬೊಂಬಾಯಿ, ಗುರುದತ್! 1959ರ 'ಕಾಗಜ್ ಕೇ ಫೂಲ್'ಗಾಗಿ ಕನ್ನಡಿ ಹಿಡಿಸಿ ಬಿಸಿಲನ್ನೇ ಸ್ಟುಡಿಯೋದೊಳಗೆ ಇಳಿಸಿದ ಭೂಪ. 2008ರ ಫಾಲ್ಕೆ ಪ್ರಶಸ್ತಿ ಕ್ಯಾಮೆರಾ ಹಿಂದೆ ನಿಂತ ಈ ಕನ್ನಡಿಗರಿಗೇ ಬಂತು. ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ.

ಆ ವಿಭಾಗವೇ ಬೆಳೆದು ಈಗ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಆಗಿದೆ. ಕ್ಯಾಮೆರಾ, ಧ್ವನಿಮುದ್ರಣ ಕಲಿಸ್ತಾರೆ. 'ಡಿಪ್ಲೊಮಾ' ಅಂದ್ರೆ ಅಪ್ಪನ ಮುಖವೂ ಸ್ವಲ್ಪ ಸಡಿಲವಾಗುತ್ತೆ, ನೋಡು. (ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಅಪ್ಪಂದಿರ ಮುಖ ಚೆನ್ನಾಗಿ ಗೊತ್ತು!)

ಅದಾಗ್ಲಿಲ್ವಾ? ಐಟಿಐ ಎಲೆಕ್ಟ್ರಿಷಿಯನ್, ಎರಡೇ ವರ್ಷ. ಲೈಟಿಂಗ್ ಯೂನಿಟ್ಟಿಗೆ ವೈರು ಬಲ್ಲವನು ಬೇಕೇಬೇಕು. ಶೂಟಿಂಗ್ ಇಲ್ಲದ ತಿಂಗಳು ಮನೆ ವೈರಿಂಗ್ ಮಾಡಿ ಉಣ್ಣಬಹುದು. ಹೀರೋ ಆಗೋಕೆ ಬಂದವನಿಗೆ ಆ ಅನುಕೂಲ ಇಲ್ಲ. ರಿಸಲ್ಟ್ ಬಂದ ವಾರವೇ ಹೋಗಿ ವಿಚಾರಿಸು, ಅರ್ಜಿಗೆ ಕೊಡೋ ದಿನ ಬಹಳ ಇರೋದಿಲ್ಲ.