ಬ್ಯಾಗಿನಲ್ಲಿ ತಂಬಾಕು ಸಿಕ್ಕರೆ ಕೇಳಬೇಕಾದ ಮೂರನೆಯ ಪ್ರಶ್ನೆ

ಮಗನ ಶಾಲಾ ಬ್ಯಾಗಿನ ತಳದಲ್ಲಿ ತಂಬಾಕಿನ ಪೊಟ್ಟಣ ಸಿಕ್ಕಿತು ಎಂದುಕೊಳ್ಳಿ. ನಮ್ಮ ಬಹುತೇಕ ಮನೆಗಳಲ್ಲಿ ಮೊದಲ ಪ್ರಶ್ನೆ 'ಯಾರು ಕೊಟ್ಟರು?' ಎರಡನೆಯದು 'ಎಷ್ಟು ದಿನದಿಂದ?' ಅಷ್ಟು ಹೊತ್ತಿಗೆ ಕೈ ಎತ್ತಿಯೂ ಆಗಿರುತ್ತದೆ. ಈ ಎರಡೂ ಪ್ರಶ್ನೆಗಳು ಬೇಕಾದವೇ. ಆದರೆ ಮನಶ್ಶಾಸ್ತ್ರದ ಅಧ್ಯಯನಗಳು ಇನ್ನೊಂದನ್ನೂ ಕೇಳಿ ಎನ್ನುತ್ತವೆ: 'ಇದನ್ನು ಬಾಯಿಗೆ ಹಾಕಿಕೊಂಡಾಗ ನಿನಗೆ ಏನು ಕಡಿಮೆ ಆದ ಹಾಗೆ ಅನಿಸುತ್ತದೆ?'

ಈ ಪ್ರಶ್ನೆಯ ಬೆಲೆ ತಿಳಿದದ್ದು ತಂಬಾಕಿಗೂ ಮದ್ಯಕ್ಕೂ ಸಂಬಂಧವಿಲ್ಲದ ಜಾಗದಲ್ಲಿ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ಬೊಜ್ಜು ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಸಿಕೊಳ್ಳುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಯಾಕೆಂದು ಕೇಳುತ್ತ ಹೋದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದುದು ಹೊರಬಂತು. ಕೆಲವರಿಗೆ ದಪ್ಪ ಮೈ ಒಂದು ಮರೆಯಾಗಿತ್ತು. ವೈದ್ಯರು ರೋಗವೆಂದು ಕಂಡದ್ದನ್ನು ರೋಗಿಗಳು ಪರಿಹಾರವೆಂದು ಹಿಡಿದುಕೊಂಡಿದ್ದರು.

ಮುಂದೆ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಸೇರಿ ದೊಡ್ಡ ಸಮೀಕ್ಷೆ ನಡೆಸಿದರು. ಎರಡು ಹಂತಗಳಲ್ಲಿ 17,000ಕ್ಕೂ ಹೆಚ್ಚು ವಯಸ್ಕರು ಉತ್ತರಿಸಿದರು. ಬಾಲ್ಯದಲ್ಲಿ ಹೊಡೆತ, ಅವಮಾನ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಲ್ಲೆ, ಮನೆಯಲ್ಲಿ ಕುಡುಕರು, ಮಾನಸಿಕ ಕಾಯಿಲೆ, ಜೈಲಿಗೆ ಹೋದವರು ಇದ್ದರೇ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. 1998ರಲ್ಲಿ ಬಂದ ಮೊದಲ ವರದಿಯ ಪ್ರಕಾರ, ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವ ಇದ್ದವರಲ್ಲಿ ಕುಡಿತದ ಚಟ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯಾ ಯತ್ನಗಳ ಅಪಾಯ, ಏನೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

ಇದನ್ನು ಜಾತಕದಂತೆ ಓದಬೇಡಿ. ಕಷ್ಟ ಉಂಡ ಮಕ್ಕಳಲ್ಲಿ ಬಹಳ ಮಂದಿ ಯಾವ ಚಟಕ್ಕೂ ಬೀಳುವುದಿಲ್ಲ. ಚಟಕ್ಕೆ ಬಿದ್ದ ಪ್ರತಿ ಮಗುವಿನ ಮನೆಯಲ್ಲೂ ತಪ್ಪು ನಡೆದಿದೆ ಎಂದೂ ಅಲ್ಲ. ಗೆಳೆಯರ ಒತ್ತಾಯ, ಬರೀ ಕುತೂಹಲ, ಮೂಲೆಯ ಅಂಗಡಿ, ಇವೂ ಸಾಕು.

ಹಾಗಾದರೆ ತಂಬಾಕು ಭಯವನ್ನು ನಿಜವಾಗಿ ಇಳಿಸುತ್ತದೆಯೇ? ಮಗು ಹೌದು ಎನ್ನುತ್ತದೆ, ಮತ್ತು ಅದು ಸುಳ್ಳು ಹೇಳುತ್ತಿಲ್ಲ. ನಿಕೋಟಿನ್ ಬೇಗನೆ ಮಿದುಳು ತಲುಪುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ರೂಢಿಯಾದವರಿಗೆ ಆಗ ಚಡಪಡಿಕೆ, ಸಿಟ್ಟು, ಗಮನ ನಿಲ್ಲದಿರುವುದು ಶುರುವಾಗುತ್ತದೆ. ಮತ್ತೆ ಹಾಕಿಕೊಂಡರೆ ಸಮಾಧಾನ. ತಂಬಾಕೇ ತಂದ ಚಡಪಡಿಕೆಯನ್ನು ತಂಬಾಕೇ ಇಳಿಸಿತು, ಅಷ್ಟೇ. ಮಗುವಿಗೆ ಮಾತ್ರ ಅದು ಪರೀಕ್ಷೆಯ ಭಯಕ್ಕೆ ಸಿಕ್ಕ ಮದ್ದಿನಂತೆ ಕಾಣುತ್ತದೆ. ಧೂಮಪಾನ ಬಿಟ್ಟ ವಯಸ್ಕರ ಬಗ್ಗೆ ನಡೆದ 26 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಬಿಟ್ಟವರ ಆತಂಕ ಮುಂದುವರಿಸಿದವರಿಗಿಂತ ಕಡಿಮೆಯಾದದ್ದು ಕಂಡುಬಂತು. 'ಕ್ಯಾನ್ಸರ್ ಬರುತ್ತದೆ' ಎನ್ನುವುದಕ್ಕಿಂತ ಈ ಲೆಕ್ಕ ಹದಿನಾಲ್ಕರ ಹುಡುಗನಿಗೆ ಬೇಗ ಅರ್ಥವಾದೀತು.

ಹೆದರಿಸುವ ಪಾಠಕ್ಕೆ ಒಂದು ಇತಿಹಾಸವೇ ಇದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುವ 'ಡೇರ್' ಕಾರ್ಯಕ್ರಮ ಶುರುವಾಗಿ ದೇಶವೆಲ್ಲ ಹರಡಿತು. ಹತ್ತು ವರ್ಷಗಳ ಬಳಿಕ ಹಳೆಯ ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿದ 1999ರ ಅಧ್ಯಯನಕ್ಕೆ, ಪಾಠ ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ವಿರುದ್ಧ ದಾರಿ ಹಿಡಿದವರು ಪೆಟ್ರೀಷಿಯಾ ಕಾನ್ರಾಡ್. ಅವರು ಮಕ್ಕಳನ್ನು ಸ್ವಭಾವಕ್ಕೆ ತಕ್ಕಂತೆ ಗುರುತಿಸಿದರು: ಎದೆ ಬಡಿದರೆ ಸಾಕು ಏನೋ ಆಗಿಹೋಯಿತೆಂದು ಗಾಬರಿಯಾಗುವವರು, ಭರವಸೆ ಕಳೆದುಕೊಂಡವರು, ದುಡುಕುವವರು, ಥ್ರಿಲ್ ಹುಡುಕುವವರು. ಒಂದೊಂದು ಗುಂಪಿಗೆ ತೊಂಬತ್ತು ನಿಮಿಷದ ಎರಡೇ ತರಗತಿ. ಮಾದಕ ವಸ್ತುವಿನ ಬಗ್ಗೆ ಉಪದೇಶ ಕಡಿಮೆ, ತನ್ನ ಸ್ವಭಾವವನ್ನು ನಿಭಾಯಿಸುವುದು ಹೇಗೆಂಬ ಅಭ್ಯಾಸ ಹೆಚ್ಚು. ಲಂಡನ್ ಶಾಲೆಗಳಲ್ಲಿ ತರಬೇತಿ ಪಡೆದ ಶಾಲಾ ಸಿಬ್ಬಂದಿಯೇ ಇದನ್ನು ನಡೆಸಿದರು. ಎರಡು ವರ್ಷದ ನಂತರವೂ ಕುಡಿತ ಕಡಿಮೆ ಇತ್ತೆಂದು 2013ರಲ್ಲಿ ವರದಿಯಾಯಿತು.

ನಮ್ಮ ಗಡಿಭಾಗದ ಮಕ್ಕಳಿಗೆ ಇದು ಹೇಗೆ ಅನ್ವಯ? ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗು ಒಂದೇ ಬೇಸಿಗೆಯಲ್ಲಿ ಇಂಗ್ಲಿಷಿಗೋ ಆಯಾ ರಾಜ್ಯದ ಭಾಷೆಗೋ ಜಿಗಿಯಬೇಕು. ಕಾಸರಗೋಡಿನಿಂದ ಮಂಗಳೂರಿಗೆ, ಜತ್ತದಿಂದ ವಿಜಯಪುರಕ್ಕೆ, ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗಿ ಹಾಸ್ಟೆಲ್ ಸೇರುವವರೂ ಇದ್ದಾರೆ. ಶಾಲೆಯಲ್ಲಿ ಚುರುಕಾಗಿದ್ದವನು ಹೊಸ ತರಗತಿಯಲ್ಲಿ ಬಾಯಿ ಬಿಡಲು ಹೆದರುತ್ತಾನೆ. ಅದೇ ವಯಸ್ಸಿನಲ್ಲೇ ಮೊದಲ ಸಿಗರೇಟೂ ಎದುರಾಗುತ್ತದೆ. ಆ ಮೊದಲ ಮೂರು ತಿಂಗಳು ಫೋನಿನಲ್ಲಿ ಅಂಕದ ಮಾತು ಹಿಂದಕ್ಕಿಡಿ, ಊಟ ನಿದ್ದೆಯ ಮಾತು ಮುಂದಿಡಿ ಎಂಬುದು ನನ್ನ ಸಲಹೆ. ಮಕ್ಕಳು 'ಆತಂಕ' ಎಂಬ ಪದ ಬಳಸುವುದಿಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಪದೇಪದೇ ತಲೆನೋವು, ರಜೆ ಹಾಕಲು ನೆಪ, ಇಷ್ಟೇ ಕಾಣುತ್ತದೆ.

ಕಾನೂನಿನ ಬಲವೂ ನಿಮಗಿದೆ. ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. 'ಯಾರು ಕೊಟ್ಟರು' ಎಂಬ ಸಿಟ್ಟನ್ನು ಅತ್ತ ತಿರುಗಿಸಬಹುದು.

ಮಗು ಸಾಯುವ ಮಾತಾಡಿದರೆ, ಮೈ ಕೊಯ್ದುಕೊಂಡರೆ, ಗಮ್ ಅಥವಾ ಥಿನ್ನರ್ ಮೂಸುವುದು ಗೊತ್ತಾದರೆ ಕಾಯಬೇಡಿ; ಅದೇ ದಿನ ವೈದ್ಯರ ಬಳಿ ಹೋಗಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ಹಗಲು ರಾತ್ರಿ ಉಚಿತವಾಗಿ ಕೆಲಸ ಮಾಡುತ್ತಿದೆ; ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಕರೆ ಮಾಡಿಕೊಟ್ಟು, ಮಗು ಒಪ್ಪಿದರೆ, ನೀವು ಸ್ವಲ್ಪ ಹೊತ್ತು ಕೋಣೆಯ ಹೊರಗಿರಿ.